ಅರಮನೆಯನ್ನು ಮನೆಯಾಗಿ ತೋರಿಸುವ ಬಗೆ: ಬೀದರಿನ ರಂಗೀನ್ ಮಹಲು

ಅರಸನ ವಾಸಸ್ಥಾನವನ್ನು ಕನ್ನಡವು ಅರಮನೆ ಎಂದು ಕರೆಯಿತು. ಆ ಪದದೊಳಗೇ ಮನೆ ಇದೆ. ಬಸದಿ ಎಂಬುದು ಸಂಸ್ಕೃತದ ವಸತಿ ಶಬ್ದದ ತದ್ಭವ; ಅದರ ಮೂಲಾರ್ಥವೂ ವಾಸದ ಎಡೆಯೇ. ಮಠವೆಂದರೆ ಸಾಧಕರೂ ವಿದ್ಯಾರ್ಥಿಗಳೂ ನೆಲೆಸುವ ಬಿಡಾರ. ಅರಬ್ಬಿ ಮೂಲದ ಮಹಲ್ ಶಬ್ದಕ್ಕೂ ಪಯಣಿಗನು ಇಳಿದು ತಂಗುವ ತಾಣವೆಂಬುದೇ ಮೊದಲಿನ ಅರ್ಥ. ವಸ್ತುಸಂಗ್ರಹಾಲಯ ಎಂದು ನಾವು ಹೊಸದಾಗಿ ಕಟ್ಟಿಕೊಂಡ ದೀರ್ಘ ಪದವೂ ಕೊನೆಗೆ ಆಲಯದಲ್ಲಿಯೇ ಬಂದು ನಿಲ್ಲುತ್ತದೆ. ಹೀಗೆ ಅರಸು, ತೀರ್ಥಂಕರ, ಜಂಗಮ, ಹಳೆಯ ವಸ್ತು ಎಲ್ಲಕ್ಕೂ ನಮ್ಮ ನುಡಿಯು ಮನೆಯನ್ನೇ ಕೊಟ್ಟಿದೆ. ಆದರೆ ಈ ಮನೆಗಳನ್ನು ನೋಡಲು ಹೋದಾಗ ಅವು ಮನೆಗಳೆಂಬುದನ್ನೇ ನಾವು ಮರೆಯುತ್ತೇವೆ. ಅರಸರ ವಂಶಾವಳಿ, ಯುದ್ಧಗಳ ಇಸವಿ, ಗೋಡೆಯ ದಪ್ಪ ಇವುಗಳನ್ನು ಕೇಳಿ ಹೊರಬರುತ್ತೇವೆ. ಒಳಗೆ ಯಾರು ಮಲಗುತ್ತಿದ್ದರು, ನೀರು ಎಲ್ಲಿಂದ ಬರುತ್ತಿತ್ತು, ಯಾವ ಬಾಗಿಲಿನವರೆಗೆ ಯಾರು ಬರಬಹುದಿತ್ತು ಎಂಬ ಪ್ರಶ್ನೆಗಳು ಹೊಸ್ತಿಲಿನಲ್ಲಿಯೇ ಉಳಿದುಬಿಡುತ್ತವೆ.

ಒಬ್ಬ ವ್ಯಕ್ತಿಯ ಅಥವಾ ಒಂದು ಮನೆತನದ ವಾಸಗೃಹವನ್ನು ಇದ್ದ ಹಾಗೆಯೇ ಉಳಿಸಿ, ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸುವ ಪದ್ಧತಿ ನಮಗೆ ಅಪರಿಚಿತವೇನಲ್ಲ. ಕುಪ್ಪಳಿಯ ಕವಿಮನೆಗೆ ಹೋದವರು ಕುವೆಂಪು ಅವರ ಬಾಲ್ಯದ ತೊಟ್ಟಿಮನೆಯನ್ನು ಹೀಗೆಯೇ ನೋಡಿದ್ದಾರೆ. ಬೀದರ್ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ, 1951ರ ಡಿಸೆಂಬರ್ 16ರಂದು, ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದ್ದು ಆ ಮನೆತನದ ಸ್ವಂತ ವಾಸಗೃಹವಾದ ದಿವಾನ್ ದೇವಡಿಯಲ್ಲಿ. 1968ರಲ್ಲಿ ಸಂಗ್ರಹವು ಹೊಸ ಕಟ್ಟಡಕ್ಕೆ ಹೋಯಿತು. ವಸ್ತುಗಳು ಉಳಿದವು, ವಸ್ತುಗಳಿದ್ದ ಮನೆ ಪ್ರೇಕ್ಷಕನ ಕಣ್ಣಿನಿಂದ ಮರೆಯಾಯಿತು. ಬೀದರ್ ಕೋಟೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಇಲ್ಲಿ ವಸ್ತುಗಳು ಹೋಗಿವೆ, ಮನೆ ಉಳಿದಿದೆ. ಹಾಸು, ಪರದೆ, ದೀಪ, ಪಾತ್ರೆ ಯಾವುದೂ ಇಲ್ಲದ ಬರಿದಾದ ಮನೆಯನ್ನು ಮಾತಿನಿಂದಲೇ ತುಂಬಬೇಕು. ಆದುದರಿಂದ ಇಲ್ಲಿ ತೋರಿಸುವವನ ಮಾತಿಗೆ ಇತಿಹಾಸದ ಪುಟದಷ್ಟೇ ಹೊಣೆಯಿದೆ. ಆ ಹೊಣೆ ಎಂಥದು ಎಂಬುದನ್ನು ರಂಗೀನ್ ಮಹಲನ್ನು ನಡುವಿಗಿಟ್ಟುಕೊಂಡು ಪರಿಶೀಲಿಸುವುದು ಈ ಬರಹದ ಉದ್ದೇಶ.

ಬಾಗಿಲಲ್ಲಿ ಕುಳಿತ ಬರಹಗಾರರು

ಬಹಮನಿ ಸುಲ್ತಾನ ಅಹ್ಮದ್ ಶಾಹನು (1422–1436) ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದದ್ದು 15ನೆಯ ಶತಮಾನದ ಪೂರ್ವಾರ್ಧದಲ್ಲಿ. ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕದ ಹಿಂದೆ, ಕೋಟೆ ಎದ್ದಿತು. ಅದರೊಳಗೆ ತಖ್ತ್ ಮಹಲು, ಗಗನ ಮಹಲು, ತರ್ಕಶ್ ಮಹಲು, ಲಾಲ್ ಬಾಗ್, ಸೋಲಾ ಖಂಬಾ ಮಸೀದಿ, ಹಮ್ಮಾಮು, ಅಡುಗೆಮನೆ ಎಂದು ಒಂದು ದೊಡ್ಡ ಸಂಸಾರಕ್ಕೆ ಬೇಕಾದುದೆಲ್ಲ ಸೇರಿತು.

ಆ ಮನೆಯನ್ನು ಹೊರಗಿನಿಂದ ಬಂದು ನೋಡಿ ಬರೆದವರಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಮುಖ್ಯನು. 1470ರ ಆಸುಪಾಸಿನಲ್ಲಿ, ಮೂರನೆಯ ಮುಹಮ್ಮದ್ ಶಾಹನ ಆಳ್ವಿಕೆಯ ಕಾಲಕ್ಕೆ, ಅವನು ಬೀದರಿನಲ್ಲಿದ್ದನು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿದ್ದುವೆಂದೂ, ಬಾಗಿಲುಬಾಗಿಲಿಗೆ ಕಾವಲುಗಾರರೊಡನೆ ಬರಹಗಾರರೂ ಕುಳಿತು ಒಳಹೋಗುವವರನ್ನೂ ಹೊರಬರುವವರನ್ನೂ ಬರೆದುಕೊಳ್ಳುತ್ತಿದ್ದರೆಂದೂ, ಪರಸ್ಥಳದವರಿಗೆ ಪ್ರವೇಶವಿರಲಿಲ್ಲವೆಂದೂ, ಒಳಗಿನ ಕಲ್ಲುಕಲ್ಲಿಗೂ ಕೆತ್ತನೆಯೂ ಚಿನ್ನದ ಲೇಪವೂ ಇದ್ದುವೆಂದೂ ಅವನು ಹೇಳುತ್ತಾನೆ. ಇತಿಹಾಸದ ವಿದ್ಯಾರ್ಥಿಗಳು ಈ ವಿವರಣೆಯನ್ನು ಸಾಮಾನ್ಯವಾಗಿ ವೈಭವದ ಸಾಕ್ಷಿಯಾಗಿ ಓದುತ್ತಾರೆ. ಆದರೆ ಅದರಲ್ಲಿ ಇನ್ನೊಂದು ಅಂಶವಿದೆ. ಅರಮನೆಯೆಂಬುದು ಬಾಗಿಲುಗಳ ಒಂದು ಸರಣಿ. ಯಾರು ಎಷ್ಟನೆಯ ಬಾಗಿಲಿನವರೆಗೆ ಹೋಗಬಲ್ಲರೋ ಅದೇ ಅವರ ಸ್ಥಾನಮಾನ. ಗೋಡೆಗಿಂತ ಹೆಚ್ಚಾಗಿ ಈ ಕ್ರಮವೇ ಅರಮನೆಯನ್ನು ಅರಮನೆಯಾಗಿಸಿತ್ತು.

ಇಂದು ಶರ್ಜಾ ದರವಾಜೆಯ ಕೆಳಗೆ ಯಾರು ಬೇಕಾದರೂ ನಡೆದುಹೋಗಬಹುದು. ಅಲ್ಲಿ ಕೆತ್ತಿರುವ ಹುಲಿಗಳ ಮುಂದೆ ನಿಂತು ಔರಾದಿನ ಶಾಲಾಬಾಲಕರು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಆ ದರವಾಜೆಯ ಶಾಸನದ ಕಾಲ 1503. ಮುಂದೆ ಗುಂಬಜ್ ದರವಾಜೆ, ಅದನ್ನು ದಾಟಿದರೆ ರಂಗೀನ್ ಮಹಲು. ಕೋಟೆಯ ಬೇರೆ ಕಟ್ಟಡಗಳು ಬಯಲಿಗೆ ತೆರೆದುಕೊಂಡಿರುವಾಗ ಈ ಒಂದು ಮಹಲಿಗೆ ಮಾತ್ರ ಬಹುಕಾಲದಿಂದ ಬೀಗವಿರುತ್ತ ಬಂದಿದೆ. ಕಾವಲಿನವರನ್ನು ಕೇಳಿ, ಅವರು ಬೀಗ ತೆಗೆದು ಜೊತೆಗೆ ಬಂದರೆ ನೋಟ. ಹೀಗೆ ಬೀದರಿನಲ್ಲಿ ಮಾರ್ಗದರ್ಶಿಯೊಡನೆ ನೋಡುವ ಮನೆಯೆಂದರೆ ರಂಗೀನ್ ಮಹಲೇ ಆಗಿದೆ. ಬೀಗಕ್ಕೆ ಕಾರಣವೂ ಸ್ಪಷ್ಟವಿದೆ. ಇಲ್ಲಿನ ಅಲಂಕಾರ ಕೈಗೆಟಕುವ ಎತ್ತರದಲ್ಲಿದೆ; ಒಂದು ಉಗುರು ಸಾಕು, ನಾಲ್ಕೂವರೆ ಶತಮಾನದ ಕೆಲಸ ಕಿತ್ತುಬರಲು.

ಬಣ್ಣದ ಮಹಲಿನ ಒಳಗೆ

ಪರ್ಷಿಯನ್ನಿನಲ್ಲಿ ರಂಗೀನ್ ಎಂದರೆ ಬಣ್ಣಬಣ್ಣದ್ದು. ಹೊರಗೋಡೆಗಳಿಗಿದ್ದ ಬಣ್ಣದ ಹೆಂಚುಗಳ ಕಾರಣದಿಂದ ಈ ಹೆಸರು ಬಂದಿತೆಂದು ವಿದ್ವಾಂಸರು ಊಹಿಸುತ್ತಾರೆ. ಹೈದರಾಬಾದ್ ರಾಜ್ಯದ ಪುರಾತತ್ತ್ವ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವೇ ಇಂದಿಗೂ ಈ ಕಟ್ಟಡದ ಬಗೆಗಿನ ಮಾತುಗಳಿಗೆ ತಳಹದಿ. ಬಹಮನಿ ಕಾಲದ ಮೂಲ ಕಟ್ಟಡವೊಂದನ್ನು ಬರೀದ್ ಶಾಹಿ ಮನೆತನದ ಅಲಿ ಬರೀದನು (1542–1580) ಹೊಸದಾಗಿಸಿ ಅಲಂಕರಿಸಿದನು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಅಲಿ ಬರೀದನ ಕಾಲವನ್ನು ಸ್ವಲ್ಪ ಗಮನಿಸಬೇಕು. ಬಹಮನಿ ರಾಜ್ಯ ಐದಾಗಿ ಒಡೆದಿತ್ತು. ಬೀದರಿಗೆ ದಕ್ಕಿದ್ದು ಹಳೆಯ ರಾಜಧಾನಿಯ ಹೆಸರು ಮತ್ತು ಅದರ ಸುತ್ತಣ ಕಿರಿದಾದ ಪ್ರದೇಶ. ಆ ಮನೆತನದಲ್ಲಿ ಶಾಹ ಎಂಬ ಬಿರುದನ್ನು ಮೊದಲು ಧರಿಸಿದವನು ಅಲಿ ಬರೀದನೇ. 1565ರ ತಾಳಿಕೋಟೆಯ ಯುದ್ಧದಲ್ಲಿ ಅವನೂ ಒಬ್ಬ ಪಾಲುದಾರ. ದೊಡ್ಡ ಅರಮನೆ ಕಟ್ಟುವಷ್ಟು ಬೊಕ್ಕಸ ಅವನಿಗಿರಲಿಲ್ಲ. ಬಹಮನಿಗಳ ಮಹಾಸೌಧಗಳ ಪಕ್ಕದಲ್ಲಿ ರಂಗೀನ್ ಮಹಲಿನ ಕೋಣೆಗಳು ಚಿಕ್ಕವು. ಆದರೆ ಆ ಚಿಕ್ಕ ಅಳತೆಯಲ್ಲಿ ಮೂರು ಬಗೆಯ ಕುಸುರಿ ಒಟ್ಟುಗೂಡಿದೆ: ಮರದ ಕೆತ್ತನೆ, ಬಣ್ಣದ ಹೆಂಚು, ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು.

ಒಳಗೆ ಕಾಲಿಟ್ಟೊಡನೆ ಕಾಣುವುದು ಮರದ ಕಂಬಗಳ ಪಡಸಾಲೆ. ಕಂಬದ ತಲೆಯಲ್ಲಿ ಚಾಚಿಕೊಂಡ ಬೋದಿಗೆಗಳಲ್ಲಿ ಎಲೆ, ಬಳ್ಳಿ, ಮೊಗ್ಗುಗಳ ದಟ್ಟವಾದ ಕೆತ್ತನೆ. ಇದು ಇರಾನಿನ ಕೈಯಲ್ಲ. ಈ ನಾಡಿನ ಬಡಗಿಗಳು ದೇವಾಲಯಕ್ಕೂ ದೇಸಾಯರ ವಾಡೆಗೂ ಮಾಡುತ್ತಿದ್ದ ಕೆಲಸದ ಮನೆತನಕ್ಕೆ ಸೇರಿದ್ದು. ಅಲ್ಲಿಂದ ಒಳಗೆ ಹೋದರೆ ಹೆಂಚಿನ ಕೆಲಸ. ನೀಲಿ, ಹಸಿರು, ಬಿಳಿ, ಹಳದಿಯ ಬಳ್ಳಿಗಳು. ಇದರ ವಂಶ ಇರಾನಿನದು. ಇನ್ನೂ ಒಳಗಿನ ಕೋಣೆಯ ಬಾಗಿಲಿನಲ್ಲಿ ನುಣುಪಾದ ಕಪ್ಪು ಕಲ್ಲನ್ನು ಕೊರೆದು, ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿ ಹೂಬಳ್ಳಿಗಳನ್ನೂ ಪರ್ಷಿಯನ್ ಪದ್ಯಗಳನ್ನೂ ಮೂಡಿಸಿದ್ದಾರೆ. ಬೆಳಕು ಓರೆಯಾಗಿ ಬಿದ್ದಾಗ ಅಕ್ಷರಗಳು ಒಂದೊಂದಾಗಿ ಹೊಳೆಯುತ್ತವೆ. ಕಡಲಿನಿಂದ ಬಹುದೂರದ ಈ ಊರಿಗೆ ಆ ಚಿಪ್ಪು ವ್ಯಾಪಾರದ ದಾರಿಯಲ್ಲಿಯೇ ಬಂದಿರಬೇಕು.

ಕಪ್ಪು ನೆಲದ ಮೇಲೆ ಬಿಳಿಯ ಹೊಳಪು ಎಂದೊಡನೆ ಬೀದರಿನವರಿಗೆ ನೆನಪಾಗುವುದು ಬಿದರಿ ಕಲೆ. ಸತುವೂ ತಾಮ್ರವೂ ಕೂಡಿದ ಎರಕದಲ್ಲಿ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳೊಳಗಿನ ಮಣ್ಣನ್ನೂ ನವಸಾಗರವನ್ನೂ ಕದಡಿದ ನೀರಿನಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಳೆಬಿಸಿಲು ತಾಗದ ಗೋಡೆಗಳ ಮಣ್ಣೇ ಈ ಕೆಲಸಕ್ಕೆ ಆಗಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ. ಅರಮನೆಯ ಬಾಗಿಲಿನ ಮೇಲಿರುವ ಕಣ್ಣಿನ ರುಚಿಯೇ ಪಟ್ಟಣದ ಓಣಿಯ ಹುಕ್ಕಾ ಮತ್ತು ಹೂದಾನಿಗಳ ಮೇಲೂ ಇದೆ. ಅರಮನೆಯ ಮಣ್ಣೇ ಆ ವಸ್ತುಗಳಿಗೆ ಬಣ್ಣ ಕೊಡುತ್ತಿದೆ. ಈ ಸಂಬಂಧವನ್ನು ಹೇಳದೆ ರಂಗೀನ್ ಮಹಲನ್ನು ತೋರಿಸಿದರೆ ಮನೆಗೂ ಊರಿಗೂ ಇದ್ದ ಸೇತುವೆಯನ್ನು ತೆಗೆದಂತಾಗುತ್ತದೆ.

ಸಂಗ್ರಹಾಲಯದ ಕೆಳಗೆ ಅಡಗಿದ ಮನೆ

ರಂಗೀನ್ ಮಹಲಿನಿಂದ ಸ್ವಲ್ಪ ದೂರದಲ್ಲಿ ಶಾಹಿ ಹಮ್ಮಾಮು ಇದೆ. ಅರಮನೆಯ ಈ ಸ್ನಾನಗೃಹದಲ್ಲಿ ಈಗ ಕೋಟೆಯ ವಸ್ತುಸಂಗ್ರಹಾಲಯವಿದೆ. ಹಳೆಯ ಶಿಲ್ಪಗಳು, ಆಯುಧಗಳು, ಫಿರಂಗಿಯ ಗುಂಡುಗಳು ಅಲ್ಲಿವೆ. ಪ್ರೇಕ್ಷಕರು ಒಂದೊಂದು ವಸ್ತುವಿನ ಮುಂದೆಯೂ ನಿಂತು ಫಲಕವನ್ನೋದಿ ಹೊರಬರುತ್ತಾರೆ. ತಾವು ನಿಂತದ್ದು ಒಂದು ಬಚ್ಚಲುಮನೆಯಲ್ಲಿ ಎಂಬುದು ಹೆಚ್ಚಿನವರ ಮನಸ್ಸಿಗೆ ಬರುವುದಿಲ್ಲ.

ಹಮ್ಮಾಮು ಎಂಬುದು ಸುಲಭದ ಏರ್ಪಾಟಲ್ಲ. ನೀರು ಬರುವ ದಾರಿ, ಅದನ್ನು ಕಾಯಿಸುವ ಒಲೆ, ತಣ್ಣೀರಿಗೂ ಬಿಸಿನೀರಿಗೂ ಬೇರೆ ಬೇರೆ ಕೋಣೆ, ಆವಿ ನಿಲ್ಲುವ ಗುಮ್ಮಟ, ಗುಮ್ಮಟದಲ್ಲಿ ಬೆಳಕಿಗಾಗಿ ಬಿಟ್ಟ ರಂಧ್ರ, ಬಳಸಿದ ನೀರು ಹರಿದುಹೋಗುವ ಮೋರಿ ಇವೆಲ್ಲ ಸೇರಿದರೆ ಹಮ್ಮಾಮು. ಬೀದರಿನಂಥ ಎತ್ತರದ ಊರಿನಲ್ಲಿ ನೀರೇ ಮೊದಲ ಪ್ರಶ್ನೆ. ನೌಬಾದಿನಲ್ಲಿ ಮುರಕಲ್ಲನ್ನು ಕೊರೆದು ಮಾಡಿದ ನೆಲದಡಿಯ ಕಾಲುವೆ, ಅಂದರೆ ನಮ್ಮ ಜನ ಸುರಂಗ ಬಾವಿ ಎನ್ನುವ ಕರೇಜ್, ಈ ಪ್ರಶ್ನೆಗೆ ಆ ಕಾಲದವರು ಕಂಡುಕೊಂಡ ಒಂದು ಉತ್ತರ. ಇರಾನಿನ ತಂತ್ರಜ್ಞಾನವನ್ನು ನಮ್ಮ ಕೆಂಪು ಬಂಡೆ ಒಪ್ಪಿಕೊಂಡ ಬಗೆ ಅದು. 2014ರಲ್ಲಿ ಬೀದರ್ ನಗರವು ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಗೆ ಸೇರಿದ ಮೇಲೆ ಈ ಜಲವ್ಯವಸ್ಥೆಯತ್ತ ವಿದ್ವಾಂಸರ ಕಣ್ಣು ಹೆಚ್ಚಾಗಿ ಹೊರಳಿತು.

ಹಮ್ಮಾಮಿನ ಗೋಡೆಗೆ ಒರಗಿಸಿದ ಒಂದು ಶಿಲ್ಪವನ್ನು ವಿವರಿಸಿದ ಮೇಲೆ ಮಾರ್ಗದರ್ಶಿಯು ತಲೆಯೆತ್ತಿ ಛಾವಣಿಯತ್ತ ಕೈ ತೋರಿಸಿದರೆ ಸಾಕು, ಅರ್ಧ ಇತಿಹಾಸ ತಾನಾಗಿ ತೆರೆದುಕೊಳ್ಳುತ್ತದೆ. ಆಗ ಪ್ರೇಕ್ಷಕನೇ ಕೇಳುತ್ತಾನೆ: ನೀರು ಹೊತ್ತವರು ಯಾರು, ಕಟ್ಟಿಗೆ ತಂದವರು ಯಾರು, ಒಲೆಯ ಬೂದಿ ಬಳಿದವರು ಯಾರು? ಆ ಜನರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಅವರಿಲ್ಲದೆ ಒಂದು ದಿನವೂ ಈ ಮನೆ ನಡೆಯುತ್ತಿರಲಿಲ್ಲ. ಹಮ್ಮಾಮು ಮತ್ತು ಅಡುಗೆಮನೆಗಳೇ ಅವರು ಬದುಕಿದ್ದರೆಂಬುದಕ್ಕೆ ಉಳಿದ ಸಾಕ್ಷಿ.

ಬೇರೆ ದೇಶಗಳಲ್ಲಿಯೂ ಈ ಬದಲಾವಣೆ ತಡವಾಗಿಯೇ ಬಂದಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆಯನ್ನು ಮಹಿಳೆಯರ ಸಂಘವೊಂದು 1858ರಲ್ಲಿ ಕೊಂಡುಕೊಳ್ಳಲು ಒಪ್ಪಂದ ಮಾಡಿಕೊಂಡು, ಎರಡು ವರ್ಷಗಳ ತರುವಾಯ ಜನರಿಗೆ ತೆರೆಯಿತು. ಬಹುಕಾಲ ಅಲ್ಲಿ ತೋರಿಸಿದ್ದು ನಾಯಕನ ಕೋಣೆಗಳನ್ನೇ. ಇಂದು ಅಲ್ಲಿ ದುಡಿದ ಗುಲಾಮರ ವಸತಿಯನ್ನೂ ಸಮಾಧಿಸ್ಥಳವನ್ನೂ ತೋರಿಸುತ್ತಾರೆ. ಇದರಿಂದ ನಾಯಕನ ಹೆಸರು ಅಳಿದಿಲ್ಲ, ಮನೆ ಪೂರ್ಣವಾಗಿದೆ.

ಹೆಸರು, ಕಥೆ, ಆಧಾರ

ಮಾರ್ಗದರ್ಶಿಯ ಬಾಯಲ್ಲಿ ಕಥೆ ಇಲ್ಲದಿದ್ದರೆ ಕೇಳುವವರು ನಿಲ್ಲುವುದಿಲ್ಲ. ಕಥೆಯನ್ನೇ ಇತಿಹಾಸವೆಂದು ಹೇಳಿದರೆ ಕೇಳಿದವರು ದಾರಿ ತಪ್ಪುತ್ತಾರೆ. ಈ ಇಕ್ಕಟ್ಟಿನಿಂದ ಪಾರಾಗಲು ಹಳೆಯ ಶಾಸ್ತ್ರಕಾರರ ಒಂದು ಶಿಸ್ತು ನಮಗೆ ನೆರವಾಗಬಲ್ಲದು. ಜ್ಞಾನವನ್ನು ಹೇಳುವ ಮೊದಲು ಅದು ಪ್ರತ್ಯಕ್ಷದಿಂದ ಬಂದದ್ದೋ, ಅನುಮಾನದಿಂದ ಬಂದದ್ದೋ, ಕೇಳಿಕೆಯಿಂದ ಬಂದದ್ದೋ ಎಂದು ಅವರು ವಿಂಗಡಿಸುತ್ತಿದ್ದರು. ಕೋಟೆಯೊಳಗಿನ ಮಾತನ್ನೂ ಹೀಗೆಯೇ ವಿಂಗಡಿಸಬಹುದು.

ತರ್ಕಶ್ ಮಹಲನ್ನು ಉದಾಹರಣೆಯಾಗಿ ನೋಡೋಣ. ಸುಲ್ತಾನನ ತುರ್ಕಿ ರಾಣಿಗಾಗಿ ಕಟ್ಟಿಸಿದ್ದರಿಂದ ಆ ಹೆಸರು ಎಂಬ ಮಾತು ಪ್ರಚಲಿತವಾಗಿದೆ. ಪರ್ಷಿಯನ್ ಬಲ್ಲವರು ತರ್ಕಶ್ ಎಂದರೆ ಬತ್ತಳಿಕೆ ಎಂದು ನೆನಪಿಸುತ್ತಾರೆ. ಕಟ್ಟಡದ ಗೋಡೆ, ಕಮಾನು, ಅಲಂಕಾರ ನಮ್ಮ ಕಣ್ಣಮುಂದಿವೆ, ಅದು ಪ್ರತ್ಯಕ್ಷ. ಅಲಂಕಾರದ ರೀತಿಯಿಂದ ಕಾಲವನ್ನು ಹೇಳುವುದು ಅನುಮಾನ. ತುರ್ಕಿ ರಾಣಿ ಕೇಳಿಕೆ. ಮೂರನ್ನೂ ಹೇಳಬಹುದು, ಮೂರನ್ನೂ ಒಂದೇ ದನಿಯಲ್ಲಿ ಹೇಳಬಾರದು.

ಊರಿನ ಹೆಸರಿನದೂ ಇದೇ ಕತೆ. ಬೀದರನ್ನು ಮಹಾಭಾರತದ ವಿದುರನೊಡನೆ ಜೋಡಿಸುವ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ. ಬಿದಿರು ಎಂಬ ಕನ್ನಡ ಶಬ್ದದಿಂದ ಬಂದದ್ದೆಂಬ ವಿವರಣೆಯೂ ಇದೆ. ನಂಬಿಕೆಯನ್ನು ನಂಬಿಕೆಯೆಂದು ಗೌರವದಿಂದ ಹೇಳಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಕಟ್ಟಡಗಳ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. ತಖ್ತ್ ಪರ್ಷಿಯನ್, ಗಗನ ಸಂಸ್ಕೃತ, ಮಹಲು ಅರಬ್ಬಿ, ಸೋಲಾ ಖಂಬಾ ದಖ್ಖನಿ. ಆ ಖಂಬಾ ಶಬ್ದವೂ ನಮ್ಮ ಕಂಬವೂ ಸಂಸ್ಕೃತದ ಸ್ಕಂಭದಿಂದ ಹೊರಟ ಒಡಹುಟ್ಟುಗಳು. 1423–24ರ ಕಾಲದ ಆ ಮಸೀದಿಯ ಮುಂದೆ ನಿಂತ ಹುಡುಗನೊಬ್ಬನಿಗೆ ಇಷ್ಟನ್ನು ಹೇಳಿದರೆ, ಈ ಮನೆ ಯಾರದು, ನಮ್ಮದೋ ಅವರದೋ ಎಂಬ ಪ್ರಶ್ನೆ ತನ್ನಷ್ಟಕ್ಕೇ ಸಡಿಲವಾಗುತ್ತದೆ. ಮರ ಕೆತ್ತಿದವನು ಇಲ್ಲಿಯವನು, ಹೆಂಚಿನ ಮಾದರಿ ತಂದವನು ಕಡಲಾಚೆಯವನು, ಕಲ್ಲು ಇಲ್ಲಿನ ನೆಲದ್ದು, ಅಕ್ಷರ ಪರ್ಷಿಯದ್ದು. ಯಾವೊಂದನ್ನು ತೆಗೆದರೂ ರಂಗೀನ್ ಮಹಲು ನಿಲ್ಲದು.

ಇದನ್ನು ಹೇಳುವಾಗ ಸಿಹಿ ಮಾತಿನ ಸೌಹಾರ್ದವನ್ನು ಲೇಪಿಸಬೇಕಾಗಿಯೂ ಇಲ್ಲ. ಈ ಕೋಟೆಯೊಳಗೇ 1487ರಲ್ಲಿ ಮಹಮೂದ್ ಶಾಹನ ಹತ್ಯೆಗೆ ಪ್ರಯತ್ನ ನಡೆಯಿತು. ದಖ್ಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಇದ್ದ ವೈರ ಬಹಮನಿ ರಾಜ್ಯವನ್ನೇ ತಿಂದುಹಾಕಿತು. ರಂಗೀನ್ ಮಹಲು ಕೋಟೆಯ ಬಲವಾದ ಗೋಡೆಗಳಿಗೆ ಅಂಟಿಕೊಂಡು, ಹೆಬ್ಬಾಗಿಲಿನ ಪಕ್ಕದಲ್ಲಿಯೇ ಇರುವುದರಲ್ಲಿ ಆ ಭಯದ ನೆರಳೂ ಇದ್ದೀತು. ಚೆಲುವೂ ಭಯವೂ ಒಂದೇ ಸೂರಿನಡಿ ಇದ್ದುವು. ಮನೆಯೆಂದರೆ ಹಾಗೆಯೇ.

ಭಾಲ್ಕಿಯ ಇನ್ನೊಂದು ಮನೆ

ಬೀದರಿನ ಕೋಟೆಯಲ್ಲಿ ಕಲ್ಲು ಹೆಚ್ಚು, ಜನರ ನೆನಪು ಕಡಿಮೆ. ಇದಕ್ಕೆ ವಿಪರ್ಯಾಯವಾದ ಮನೆಯೊಂದು ಭಾಲ್ಕಿಯಲ್ಲಿದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಡಳಿತದಲ್ಲಿ ಉರ್ದುವೇ ಶಿಕ್ಷಣದ ಭಾಷೆಯಾಗಿದ್ದ ದಿನಗಳಲ್ಲಿ ಕನ್ನಡವನ್ನು ಕಾಪಾಡಿದ ಬಗೆಯನ್ನು ಈ ಜಿಲ್ಲೆಯ ಪ್ರತಿಯೊಂದು ಮನೆಯೂ ಬಲ್ಲದು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂದು ಹಿರಿಯರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ.

ಈ ವಾಕ್ಯದಲ್ಲಿಯೂ ಒಂದು ಬಾಗಿಲಿದೆ. ನಿಕಿತಿನ್ ಕಂಡ ಬಾಗಿಲಿನಲ್ಲಿ ಬರಹಗಾರರು ಕುಳಿತು ಒಳಹೋಗುವವರನ್ನು ತಡೆಯುತ್ತಿದ್ದರು. ಪಟ್ಟದ್ದೇವರ ಬಾಗಿಲಿನಲ್ಲಿ ಫಲಕವೊಂದು ಅಧಿಕಾರಿಯ ಕಣ್ಣನ್ನು ಹೊರಗೇ ನಿಲ್ಲಿಸಿ, ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಅಲ್ಲಿ ನೋಡಲು ಮುತ್ತಿನ ಚಿಪ್ಪಿಲ್ಲ, ಬಣ್ಣದ ಹೆಂಚಿಲ್ಲ. ನಡೆದುದನ್ನು ನಾಲಗೆಯಿಂದ ನಾಲಗೆಗೆ ದಾಟಿಸದಿದ್ದರೆ ಉಳಿಯುವುದು ಬರಿಯ ಗೋಡೆ. ಆ ಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರು ಈಗ ಬಹುಮಟ್ಟಿಗೆ ಮರೆಯಾಗಿದೆ. ಅವರು ಕುಳಿತ ಜಾಗ ಯಾವುದು, ಹಲಗೆ ಬಳಪಗಳು ಎಂಥವು, ಮಧ್ಯಾಹ್ನದ ಊಟ ಎಲ್ಲಿಂದ ಬರುತ್ತಿತ್ತು ಎಂಬ ಮನೆವಾರ್ತೆಯ ವಿವರಗಳನ್ನು ಇನ್ನುಳಿದವರಿಂದ ಬರೆದುಕೊಳ್ಳುವುದು ಇಂದೇ ಆಗಬೇಕಾದ ಕೆಲಸ.

ಭಾಲ್ಕಿಯಿಂದ ಬೀದರ್ ಕೋಟೆಗೆ ಬರುವ ವಿದ್ಯಾರ್ಥಿಯ ಎದೆಯಲ್ಲಿ ಈ ಎರಡು ಮನೆಗಳೂ ಇರುತ್ತವೆ. ಅಜ್ಜ ಹೇಳಿದ 1948ರ ರಜಾಕಾರರ ಹಾವಳಿಯ ನೋವು ಒಂದು ಕಡೆ. ಕಣ್ಣೆದುರಿನ ಹೆಂಚಿನ ಚೆಲುವು ಒಂದು ಕಡೆ. 20ನೆಯ ಶತಮಾನದ ನೋವಿಗೆ 16ನೆಯ ಶತಮಾನದ ಕುಶಲಕರ್ಮಿಯಿಂದ ಉತ್ತರ ಕೇಳುವುದು ನ್ಯಾಯವಲ್ಲ. ಚೆಲುವನ್ನು ಮುಂದಿಟ್ಟು ನೋವನ್ನು ಮರೆಯೆನ್ನುವುದೂ ನ್ಯಾಯವಲ್ಲ. ಅಲಿ ಬರೀದನಿಗೂ ಕೊನೆಯ ನಿಜಾಮನಿಗೂ ನಡುವೆ 1619ರ ಬಿಜಾಪುರದ ವಿಜಯ, ಔರಂಗಜೇಬನ ದಾಳಿ, ಆಸಫ್ ಜಾಹಿ ಆಡಳಿತ ಎಂದು ಮೂರೂವರೆ ಶತಮಾನಗಳ ಅಂತರವಿದೆ. ಆ ಅಂತರವನ್ನು ಸ್ಪಷ್ಟವಾಗಿ ಹೇಳಿಕೊಡುವುದೇ ತೋರಿಸುವವನ ಧರ್ಮ.

ಔರಾದಿನ ಮಕ್ಕಳ ಪದಸಂಪತ್ತು

ಔರಾದ ಜಿಲ್ಲೆಯ ಉತ್ತರದ ತುದಿ. ಅಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಾರೆ, ಸಂತೆಯಲ್ಲಿ ದಖ್ಖನಿಯನ್ನೂ ಬಲ್ಲರು. ಕೋಟೆಯಲ್ಲಿ ಮಾರ್ಗದರ್ಶಿಯು ಹಿಂದಿಯಲ್ಲಿ ಹೇಳಿದರೆ ಅವರಿಗೆ ಅರ್ಥವಾಗದೆ ಹೋಗುವುದಿಲ್ಲ. ಆದರೆ ಅರ್ಥವಾಗುವುದು ಬೇರೆ, ತನ್ನದೆನಿಸುವುದು ಬೇರೆ.

ನಮ್ಮ ಹಳ್ಳಿಯ ಹಳೆಯ ಮನೆಗಳಿಗೆ ತನ್ನದೇ ಪದಕೋಶವಿದೆ. ಕಂಬಗಳ ನಡುವಿನ ಜಾಗಕ್ಕೆ ಅಂಕಣ. ಮನೆಯ ಅಳತೆಯನ್ನು ಹೇಳುವುದೇ ಅಂಕಣದ ಲೆಕ್ಕದಲ್ಲಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯಲ್ಲಿ ಬೆಳಕಿಂಡಿ. ಉಳ್ಳವರ ವಾಡೆಯಾದರೆ ಮುಂದೆ ದೇವಡಿ, ನೆಲಕ್ಕೆ ಗಚ್ಚು. ಈ ಪದಗಳನ್ನು ಹಿಡಿದು ರಂಗೀನ್ ಮಹಲಿನೊಳಗೆ ಹೋದ ಮಗುವಿಗೆ ಅದು ಪರದೇಶಿಯಾಗಿ ಕಾಣದು. ಮರದ ಕಂಬ ಕಂಡೊಡನೆ ಅಂಕಣ ಎಣಿಸುತ್ತದೆ, ಕೆತ್ತನೆ ಕಂಡೊಡನೆ ಬೋದಿಗೆ ಎನ್ನುತ್ತದೆ, ಹಮ್ಮಾಮಿನ ರಂಧ್ರವನ್ನು ನೋಡಿ ಬೆಳಕಿಂಡಿ ಎಂದು ಕೂಗುತ್ತದೆ. ದಿವಾನ್ ದೇವಡಿ ಎಂಬ ಹೈದರಾಬಾದಿನ ದೊಡ್ಡ ಹೆಸರೂ ತನ್ನೂರಿನ ವಾಡೆಯ ದೇವಡಿಯೂ ಒಂದೇ ಪದವೆಂದು ತಿಳಿದಾಗ ಅದರ ಮುಖದಲ್ಲಿ ಮೂಡುವ ಅರಳನ್ನು ಪಾಠ ಮಾಡುವವರೆಲ್ಲ ಬಲ್ಲರು.

ಆದರೆ ಈ ಪದಸಂಪತ್ತು ಬೇಗಬೇಗನೆ ಕರಗುತ್ತಿದೆ. ಮಾಳಿಗೆ ಮನೆಗಳು ಉರುಳಿ ಸಿಮೆಂಟಿನ ಮನೆಗಳು ಏಳುತ್ತಿವೆ. ಅದು ತಪ್ಪೆನ್ನಲಾಗದು, ಸೋರುವ ಮನೆಯಲ್ಲಿ ಇರೆಂದು ಯಾರಿಗೂ ಹೇಳಲಾಗದು. ಹಳೆಯ ತೊಲೆ, ಕೆತ್ತನೆಯ ಬಾಗಿಲುಗಳು ವ್ಯಾಪಾರಿಗಳ ಪಾಲಾಗುತ್ತಿವೆ. ಇನ್ನೊಂದು ತಲೆಮಾರು ಕಳೆದರೆ ಬೋದಿಗೆ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಅರ್ಥವಿರುತ್ತದೆ, ಊರಿನಲ್ಲಿ ವಸ್ತುವಿರುವುದಿಲ್ಲ. ಆಗ ಔರಾದಿನ ಮಗುವಿಗೆ ತನ್ನ ಅಜ್ಜನ ಮನೆಯ ಕಂಬ ಹೇಗಿತ್ತೆಂದು ತೋರಿಸಲು ಉಳಿಯುವ ಎಡೆಗಳಲ್ಲಿ ಸುಲ್ತಾನನ ಮಹಲೂ ಒಂದಾಗುತ್ತದೆ. ಬಡವನ ಮನೆಯ ನೆನಪನ್ನು ಅರಸನ ಮನೆ ಕಾಯಬೇಕಾದ ಈ ಸ್ಥಿತಿಯೇ ರಂಗೀನ್ ಮಹಲನ್ನು ತೋರಿಸುವ ಕೆಲಸಕ್ಕೆ ಹೊಸ ತೂಕವನ್ನು ಕೊಟ್ಟಿದೆ.

ಆಗಬಹುದಾದ ಕೆಲಸ

ಇದಕ್ಕೆ ದೊಡ್ಡ ಯೋಜನೆಗಳು ಬೇಡ. ಹತ್ತು ಹನ್ನೆರಡು ಜನರ ಸಣ್ಣ ಗುಂಪು, ಗೊತ್ತಾದ ವೇಳೆ, ಜೊತೆಗೆ ಬಲ್ಲವರೊಬ್ಬರು ಎಂಬ ಕ್ರಮವಿದ್ದರೆ ಅಲಂಕಾರಕ್ಕೂ ಅಪಾಯವಿಲ್ಲ, ನೋಡುವವರಿಗೂ ನಿರಾಶೆಯಿಲ್ಲ. ಬೀಗ ಕಾಯುವ ಕೆಲಸವೂ ಬೀಗ ತೆರೆಯುವ ಕೆಲಸವೂ ಆಗ ಒಂದೇ ಆಗುತ್ತದೆ. ನೋಟದ ಹಾದಿಯನ್ನು ಸಿಂಹಾಸನದಿಂದ ಆರಂಭಿಸದೆ ನೀರಿನಿಂದಲೂ ಒಲೆಯಿಂದಲೂ ಆರಂಭಿಸಬಹುದು: ಮೊದಲು ಹಮ್ಮಾಮು, ಅಡುಗೆಮನೆ; ಆಮೇಲೆ ಪಡಸಾಲೆ; ಕೊನೆಗೆ ಒಳಕೋಣೆಯ ಮುತ್ತಿನ ಬಾಗಿಲು. ಬಿದರಿಯ ಕುಶಲಕರ್ಮಿಯೊಬ್ಬರು ಆ ಬಾಗಿಲಿನ ಮುಂದೆ ನಿಂತು ಕೊರೆಯುವ ಉಳಿಯ ವಿಷಯ ಹೇಳಿದರೆ ಅದಕ್ಕಿಂತ ಮೇಲಾದ ವ್ಯಾಖ್ಯಾನವಿಲ್ಲ.

ಪದವಿ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳಿಗೂ ಇದರಲ್ಲಿ ಪಾಲಿದೆ. ಪ್ರತಿ ವಿದ್ಯಾರ್ಥಿಯೂ ತನ್ನೂರಿನ ಒಂದು ಹಳೆಯ ಮನೆಯ ನಕ್ಷೆ ಬರೆದು, ಭಾಗಗಳ ಹೆಸರನ್ನು ಹಿರಿಯರಿಂದ ಕೇಳಿ ತಂದರೆ, ಕೆಲವೇ ವರ್ಷಗಳಲ್ಲಿ ಭಾಲ್ಕಿ, ಔರಾದ, ಬೀದರ್ ತಾಲ್ಲೂಕುಗಳ ಗೃಹಪದಕೋಶವೊಂದು ಸಿದ್ಧವಾದೀತು. ಕಮಠಾಣದ ಬಸದಿಯ ಕಂಬ, ಔರಾದಿನ ಅಮರೇಶ್ವರ ದೇವಾಲಯದ ಕಂಬ, ರಂಗೀನ್ ಮಹಲಿನ ಕಂಬ, ರೈತನ ಮನೆಯ ಕಂಬ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಬೆಳೆದರೆ ಈ ನೆಲದ ಕಲಾಚರಿತ್ರೆಯನ್ನು ಮತಗಳ ಹೆಸರಿನಲ್ಲಿ ಹರಿದು ಹಂಚುವುದು ಕಷ್ಟವಾಗುತ್ತದೆ.

2014ರಲ್ಲಿ ದಖ್ಖನಿನ ಸುಲ್ತಾನರ ಕಾಲದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿದಾಗ ಬೀದರಿನ ಹೆಸರೂ ಅದರಲ್ಲಿತ್ತು. ಜಗತ್ತಿನ ಮನ್ನಣೆ ಬಂದರೆ ಸಂತೋಷವೇ. ಆದರೆ ಮನ್ನಣೆಯ ಫಲಕ ಬಾಗಿಲಿನ ಹೊರಗೆ ತೂಗುತ್ತದೆ. ಒಳಗೆ ಏನು ಹೇಳುತ್ತೇವೆ ಎಂಬುದನ್ನು ನಿರ್ಧರಿಸಬೇಕಾದವರು ಇಲ್ಲಿಯವರು. ಅದನ್ನು ಕನ್ನಡದಲ್ಲಿ, ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರ್ಪಡಿಸಿ, ನೀರು ಹೊತ್ತವರಿಂದ ಹಿಡಿದು ಅರಸನವರೆಗೆ ಎಲ್ಲರನ್ನೂ ಒಳಗೊಂಡು ಹೇಳಬಲ್ಲ ಯುವಕ ಯುವತಿಯರು ಈ ಜಿಲ್ಲೆಯಲ್ಲಿದ್ದಾರೆ. ಅವರಿಗೆ ಬೇಕಾಗಿರುವುದು ತರಬೇತಿ, ಗೌರವಯುತವಾದ ಸಂಭಾವನೆ ಮತ್ತು ಒಂದು ಬೀಗದ ಕೈ.